ಮಾನವ ಎಂದು ಬರೆದ ಶೀಷೆ

ತಮ್ಮ ಕೈ ಎತ್ತಿದ್ದು ಅಕ್ಕನಿಗೆ ಕಾಣಿಸಲೇ ಇಲ್ಲ. ಕೆನ್ನೆ ಉರಿದ ಮೇಲೆಯೇ ಏಟು ಬಿದ್ದದ್ದು ತಿಳಿಯಿತು. ಬೇಕರಿಯ ಹಿಂದಿನ ಕೋಣೆ, ಹಿಟ್ಟಿನ ಚೀಲಗಳ ನಡುವೆ ಕಾಲಿಡಲೂ ಜಾಗವಿಲ್ಲ. ಅವಳು ತತ್ತರಿಸಿ ಒಂದು ಚೀಲದ ಮೇಲೆ ಕುಳಿತುಬಿಟ್ಟಳು. ಒಲೆಯ ಹತ್ತಿರ ನಿಂತಿದ್ದ ಅಮ್ಮ, "ಅಕ್ಕನ ಮೇಲೆ ಕೈ ಮಾಡ್ತೀಯೇನೋ, ಕೆಂಚ!" ಎಂದು ಕೂಗಿದಳೇ ಹೊರತು ನಡುವೆ ಬರಲಿಲ್ಲ.

ಕೆಂಚನ ಇನ್ನೊಂದು ಕೈಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಪ್ಲಾಸ್ಟಿಕ್ ಶೀಷೆ ಇತ್ತು. ಅಕ್ಕ ಅದನ್ನು ತಾನು ಕೆಲಸ ಮಾಡುವ ಪ್ರಯೋಗಾಲಯದಿಂದ ಊರಾಚೆಯ ಇನ್ನೊಂದಕ್ಕೆ ಕೊಡಲೆಂದು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಹೊರಟಿದ್ದಳು. ದಾರಿಯಲ್ಲಿ ಅಮ್ಮನ ಮುಖ ನೋಡಿ ಹೋಗೋಣವೆಂದು ತಮ್ಮನ ಬೇಕರಿಗೆ ಬಂದದ್ದೇ ತಪ್ಪಾಯಿತು. ನೀರಿಗೆ ಹಾಕಿಕೊಳ್ಳಲು ಐಸ್ ಇದೆಯೇನೋ ಎಂದು ಕೆಂಚ ಡಬ್ಬಿ ತೆರೆದಿದ್ದ, ಶೀಷೆಯ ಚೀಟಿ ಓದಿದ್ದ.

"ಮಾನವ ಅಂತ ಬರ್ದಿದೆ. ಯಾವ ಮಾನವ? ಹೇಳೇ, ಯಾರ್ದಿದು? ನನ್ನ ಮಗಳದ್ದಾ?"

ಎಲ್ಲರೂ ಪುಟ್ಟಿ ಎಂದು ಕರೆಯುತ್ತಿದ್ದ ಅವನ ಮಗಳು ತೀರಿಕೊಂಡು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅವಳ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇತ್ತು, ಅವನ ಹೆಂಡತಿಗಾಗಲಿ ಬೇರೆ ಯಾರಿಗಾಗಲಿ ತೆಗೆದಿಡುವ ಧೈರ್ಯ ಬಂದಿರಲಿಲ್ಲ. ಹುಟ್ಟಿದಾಗಿನಿಂದ ಆ ಕೂಸಿಗೆ ಒಂದಲ್ಲ ಒಂದು ಸೋಂಕು. ಮೊಣಕಾಲು ತರಚಿದರೆ ಮಾಯುತ್ತಿರಲಿಲ್ಲ. ಗಾಯ ಕಪ್ಪಗಾಗಿ ಆಳಕ್ಕೆ ಇಳಿಯುತ್ತಿತ್ತು, ಆದರೆ ಕೀವು ಮಾತ್ರ ಕಟ್ಟುತ್ತಿರಲಿಲ್ಲ. ಕೀವಾಗದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಮನೆಯವರೆಲ್ಲ ಸಮಾಧಾನ ಪಟ್ಟುಕೊಂಡಾಗ ಅಕ್ಕ ಮಾತ್ರ ಆ ಗಾಯವನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದ್ದಳು.

ಕೀವು ಏಕೆ ಕಟ್ಟುತ್ತದೆಂದು ತಿಳಿಯುವುದೇ ಅವಳ ಕೆಲಸವಾಗಿತ್ತು. ಮೈಯಲ್ಲಿ ಎಲ್ಲಾದರೂ ಗಾಯವಾದರೆ ಆ ಜಾಗದ ಜೀವಕೋಶಗಳು ಕೀಮೋಕೈನ್ ಎಂಬ ಪುಟ್ಟ ಪ್ರೋಟೀನನ್ನು ಸೂಸುತ್ತವೆ. ಅದರ ಜಾಡು ಹಿಡಿದು ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಬಿದ್ದು ಗಾಯದತ್ತ ತೆವಳುತ್ತವೆ, ಕ್ರಿಮಿಗಳನ್ನು ನುಂಗಿ ತಾವೂ ಸಾಯುತ್ತವೆ. ಕೀವೆಂದರೆ ಬಹುಪಾಲು ಆ ಸತ್ತ ಕಣಗಳ ರಾಶಿಯೇ. ಪುಟ್ಟಿಯ ಗಾಯಕ್ಕೆ ಯಾರೂ ಬರುತ್ತಿರಲಿಲ್ಲ. ಅಕ್ಕ ತಾನೇ ಮಗುವಿನ ರಕ್ತ ತೆಗೆದು, ಆಸ್ಪತ್ರೆಯ ಪಕ್ಕದ ಸಂಶೋಧನಾ ಕಟ್ಟಡಕ್ಕೆ ಒಯ್ದು, ಸಣ್ಣ ಸಣ್ಣ ತೂತುಗಳ ಪೊರೆಯೊಂದರ ಮೇಲೆ ಬಿಳಿ ಕಣಗಳನ್ನಿಟ್ಟು ಕೆಳಗೆ ಆ ಪ್ರೋಟೀನನ್ನಿಟ್ಟು ನೋಡಿದ್ದಳು. ಬೇರೆಯವರ ಕಣಗಳು ತೂತಿನಲ್ಲಿ ನುಸುಳಿಕೊಂಡು ಕೆಳಗಿಳಿದವು. ಪುಟ್ಟಿಯವು ಇದ್ದಲ್ಲೇ ಕುಳಿತವು. ಕಾಯಿಲೆ ಯಾವುದೆಂದು ಗೊತ್ತಾದದ್ದು ಹಾಗೆ. ಬದಲಿಸಿ ಹಾಕಲು ಹೊಂದುವ ಅಸ್ಥಿಮಜ್ಜೆಗಾಗಿ ಹುಡುಕಾಟ ನಡೆದಿರುವಾಗಲೇ ಶ್ವಾಸಕೋಶಕ್ಕೆ ಸೋಂಕು ಇಳಿದು ಮಗು ಹೋಗಿಬಿಟ್ಟಿತು.

ಶೀಷೆಯಲ್ಲಿದ್ದದ್ದು ಆ ಪ್ರೋಟೀನೇ. ಮನುಷ್ಯರ ಮೈಯಿಂದ ತೆಗೆದದ್ದಲ್ಲ. ಅದನ್ನು ಕಟ್ಟುವ ಮಾನವ ಜೀನಿನ ನಕಲನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವುಗಳನ್ನು ಬೆಳೆಸಿ, ಒಡೆದು, ಸೋಸಿ ತೆಗೆದದ್ದು. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಅಕ್ಕನಿಗೆ ಅಂದು ನಿದ್ದೆಯಿಲ್ಲ, ಊಟವಿಲ್ಲ, ಬಸ್ಸು ಬೇರೆ ತಪ್ಪುವುದರಲ್ಲಿತ್ತು. "ನಿಂಗರ್ಥ ಆಗಲ್ಲ ಬಿಡೋ, ಇಲ್ಲಿ ಕೊಡು" ಎಂದುಬಿಟ್ಟಳು. ಏಟು ಬಿದ್ದದ್ದು ಆಗ.

"ಅರ್ಥ ಆಗಲ್ವಾ? ಸೂಜಿ ಚುಚ್ಚಿಸ್ಕೊಳ್ಳೋವಾಗ ನನ್ ಮಗು ಅತ್ತೆ ಅತ್ತೆ ಅಂತ ನಿನ್ ಕುತ್ತಿಗೆ ತಬ್ಕೊಂಡಿತ್ತಲ್ಲ, ಅದರ್ಥ ಆಗುತ್ತೆ ನಂಗೆ!" ಎನ್ನುತ್ತ ಕೆಂಚ ಶೀಷೆಯನ್ನು ನೆಲಕ್ಕೆಸೆದು ಹಿಮ್ಮಡಿಯಿಂದ ತುಳಿದ. ಅದು ಚಟ್ಟೆಂದು ಒಡೆಯಿತು.

ಬೇಕರಿಯ ಮುಂಭಾಗದಲ್ಲಿ ಟೀ ಕುಡಿಯುತ್ತ ನಿಂತಿದ್ದವನು ಎದುರು ಗ್ಯಾರೇಜಿನವನು. ಕೈಯಲ್ಲಿ ಸದಾ ಚಕ್ರ ಬಿಚ್ಚುವ ಸ್ಪ್ಯಾನರ್ ಇರುತ್ತಿದ್ದುದರಿಂದ ಬೀದಿಯವರು ಅವನಿಗೆ ಅದೇ ಹೆಸರಿಟ್ಟಿದ್ದರು. ಸ್ಪ್ಯಾನರ್ ಕೆಂಚನ ಜೀವದ ಗೆಳೆಯ. ಒಳಗಿನ ಮಾತೆಲ್ಲ ಅವನ ಕಿವಿಗೆ ಬಿತ್ತು. ಅಕ್ಕ ಕೆನ್ನೆ ಮುಚ್ಚಿಕೊಂಡು ಹೊರಗೆ ಬಂದಾಗ ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ದಾರಿ ಬಿಟ್ಟ.

ಗೆಳೆಯನ ಬಾಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಬೀದಿಗೆ, ಬೀದಿಯಿಂದ ಆಸ್ಪತ್ರೆಯ ಸಾಲಿನವರೆಗೆ ಆ ಮಾತು ಹೋಯಿತು. ಹೋಗುತ್ತ ಹೋಗುತ್ತ ಕೈಕಾಲು ಬೆಳೆಸಿಕೊಂಡಿತು. ಮೊದಲು 'ಮಗುವಿನ ರಕ್ತ ತಗೊಂಡ್ರಂತೆ' ಎಂದಿದ್ದದ್ದು ಕೊನೆಗೆ 'ಮಕ್ಕಳನ್ನ ಹಿಂಡಿ ಶೀಷೆಗೆ ತುಂಬ್ತಾರಂತೆ' ಎಂದಾಯಿತು. ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಮುದುಕನ ಮೇಲೆ ಬಸ್ಸಿನಲ್ಲಿ ಯಾರೋ ಉಗುಳಿದರು. ಅವನನ್ನು ಎಲ್ಲರೂ ಇಲಿಯಪ್ಪ ಎನ್ನುತ್ತಿದ್ದರು. ಅಕ್ಕನಿಗೆ ಪ್ರೋಟೀನಕ್ಕ ಎಂದು ಹೆಸರಿಟ್ಟವನೂ ಅವನೇ.

"ಪ್ರೋಟೀನಕ್ಕ, ಜನ ನನ್ನ ನೋಡಿದ್ರೆ ಮಕ್ಕಳನ್ನ ಒಳಗೆ ಎಳ್ಕೊಳ್ತಾರೆ," ಎಂದ ಅವನು, ಅಂಗಿಯ ತೋಳು ತೊಳೆಯುತ್ತ. "ನಮ್ಮ ಮನೆಯವಳು ಹೇಳ್ತಾಳೆ, ಮೂವತ್ತು ವರ್ಷದ ಹಿಂದೆ ನಿಮ್ಮ ಮುಖ ನೋಡಿದಾಗ ನಾನೂ ಹಂಗೇ ಒಳಗೆ ಓಡಿಹೋಗ್ಬೇಕಿತ್ತು ಅಂತ."

ಅಕ್ಕ ನಕ್ಕಳು. ಆಮೇಲೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಗೇಟಿಗೆ ಪೊಲೀಸರನ್ನು ಕರೆಸಿ ಎಂದು ಕೇಳಿಕೊಂಡಳು. ಅವರು ಕನ್ನಡಕ ಒರೆಸುತ್ತ, ಗಾಳಿಮಾತಿಗೆಲ್ಲ ತಲೆ ಕೆಡಿಸಿಕೊಂಡರೆ ಕೆಲಸ ಮಾಡುವುದು ಯಾವಾಗ ಎಂದರು.

ಹೀಗಿರುವಾಗ ಒಂದು ಬೆಳಿಗ್ಗೆ ಸ್ಪ್ಯಾನರನ ತಂಗಿಯ ಮಗು ಅದೇ ಆಸ್ಪತ್ರೆಯಲ್ಲಿ ಸತ್ತಿತು. ಜ್ವರ ನೆತ್ತಿಗೇರಿದ ಮೇಲೆ ತಂದಿದ್ದರು, ವೈದ್ಯರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆದರೆ ಆ ಮಗುವಿನ ತೋಳಿನಲ್ಲಿ ರಕ್ತ ತೆಗೆದ ಸೂಜಿಯ ಗುರುತಿತ್ತು. ತಂಗಿ ಅದನ್ನು ಅಣ್ಣನಿಗೆ ತೋರಿಸಿದಳು. ಅಷ್ಟೇ ಸಾಕಾಯಿತು.

ಮಧ್ಯಾಹ್ನ ಜನ ಬಂದರು. ಅಕ್ಕ ಮೇಲಿನ ಮಹಡಿಯಲ್ಲಿ ಜೀವಕೋಶಗಳನ್ನು ಶೇಖರಿಸಿಡುತ್ತಿದ್ದಳು. ಅಗಲ ಬಾಯಿಯ ಉಕ್ಕಿನ ಪಾತ್ರೆಯಲ್ಲಿ, ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿರುವ ದ್ರವ ಸಾರಜನಕ ಬಿಳಿ ಹೊಗೆಯಾಡುತ್ತಿತ್ತು. ಕೆಳಗೆ ಗಾಜು ಒಡೆದ ಸದ್ದು ಕೇಳಿದಾಗ ಯಾರೋ ಟ್ರೇ ಬೀಳಿಸಿದರೆಂದುಕೊಂಡಳು. ಆಮೇಲೆ ಮತ್ತೊಂದು, ಮಗದೊಂದು. ಕಿಟಕಿಯಿಂದ ಬಗ್ಗಿ ನೋಡಿದರೆ ಅಂಗಳದ ತುಂಬ ತಲೆಗಳು. ಕಾವಲುಗಾರನನ್ನು ಗೇಟಿನ ಕಂಬಿಗೆ ಒತ್ತಿ ಹಿಡಿದು ಹೊಟ್ಟೆಗೆ ಗುದ್ದುತ್ತಿದ್ದರು. ಅವನ ಟೋಪಿ ಕಾಲಡಿಯಲ್ಲಿ ಚಪ್ಪಟೆಯಾಗಿತ್ತು. ಮುಂದೆ ಸ್ಪ್ಯಾನರ್. ಅವನ ಪಕ್ಕದಲ್ಲಿ, ಒಲೆಯಿಂದ ಬಿಸಿ ಟ್ರೇ ತೆಗೆಯಲು ಹಾಕಿಕೊಳ್ಳುವ ದಪ್ಪ ಬಟ್ಟೆಯ ಕೈಗವಸು ತೊಟ್ಟು, ಬಾಗಿಲ ಗಾಜನ್ನು ಮುಷ್ಟಿಯಿಂದ ಒಡೆಯುತ್ತಿದ್ದವನು ಕೆಂಚ.

ಅಕ್ಕ ಕಿಟಕಿ ಬಿಟ್ಟು ಬಾಗಿಲತ್ತ ತಿರುಗಿದಳು.

ಮುಖ್ಯಸ್ಥರು ಹಿಂದಿನ ಮೆಟ್ಟಿಲಿನಿಂದ ಇಳಿದು ಓಡಿದರು. ಉಳಿದವರೂ ಅವರ ಹಿಂದೆಯೇ. "ಬನ್ನಿ, ಬನ್ನಿ!" ಎಂದು ಯಾರೋ ಅವಳ ತೋಳು ಎಳೆದರು. ಅವಳು ಹೊರಟೂ ಇದ್ದಳು. ಆದರೆ ಇಲಿಮನೆಯ ಬಾಗಿಲು ತೆರೆದಿತ್ತು. ಇಲಿಯಪ್ಪ ಒಳಗೆ ಪಂಜರಗಳನ್ನು ಒಂದೊಂದಾಗಿ ಮೇಲಿನ ಗೂಡಿಗೆ ಏರಿಸುತ್ತಿದ್ದ.

"ಬಿಟ್ಟು ಬಾರೋ ಮಾರಾಯ!"

"ಕೆಳಗಿದ್ರೆ ತುಳಿದುಬಿಡ್ತಾರೆ ಅಕ್ಕ. ಮರಿ ಹಾಕಿವೆ. ಇದೊಂದು ಸಾಲು…"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು ಮಳೆಯಂತೆ ಬಂತು. ಫ್ರೀಜರುಗಳನ್ನು ಮಗುಚಿದರು. ಅವುಗಳಿಂದ ಮಂಜು ಹಿಡಿದ ಡಬ್ಬಿಗಳು ಹೊರಳಿ ನೆಲದ ತುಂಬ ಹರಡಿದವು. ಒಬ್ಬ ಅವುಗಳ ಮೇಲೆ ಜಾರಿ ಬಿದ್ದ, ಹಿಂದಿನವರು ಅವನನ್ನು ತುಳಿದುಕೊಂಡೇ ಬಂದರು. "ಮಾನವ ಅಂತ ಬರ್ದಿದೆ ನೋಡ್ರೋ! ಎಲ್ಲದರ ಮೇಲೂ ಬರ್ದಿದೆ!" ಎಂದು ಯಾವನೋ ಶೀಷೆಗಳನ್ನು ಮುಷ್ಟಿ ತುಂಬ ಎತ್ತಿ ಕಿರುಚಿದ. ಆ ಕೂಗು ಕೇಳಿದ್ದೇ ತಡ, ಗುಂಪಿಗೆ ಹುಚ್ಚು ಹಿಡಿಯಿತು. ಮೈಕ್ರೋಸ್ಕೋಪು ಕಿಟಕಿಯಿಂದ ಹಾರಿತು. ಅಕ್ಕನ ಜಡೆ ಹಿಡಿದು ಒಬ್ಬ ಎಳೆದ. ಅವಳ ತಲೆ ಮೇಜಿನ ಅಂಚಿಗೆ ಬಡಿದು ಕಣ್ಣಿಗೆ ರಕ್ತ ಇಳಿಯಿತು. ಅವಳು ಅವನ ಮಣಿಕಟ್ಟನ್ನು ಕಚ್ಚಿದಳು, ಚರ್ಮ ಹಲ್ಲಿಗೆ ಕಿತ್ತು ಬರುವವರೆಗೂ ಬಿಡಲಿಲ್ಲ.

ಇಲಿಯಪ್ಪ ಇಲಿಮನೆಯಿಂದ ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಇಲ್ಲಿ ಬರೀ ಇಲಿ ಕಣ್ರಪ್ಪ. ಮಕ್ಕಳಿಲ್ಲ, ಯಾರೂ ಇಲ್ಲ. ಬೇಕಾದ್ರೆ ನೋಡಿ…"

ಸ್ಪ್ಯಾನರ್ ಅವನನ್ನು ಮಾತು ಮುಗಿಸಲು ಬಿಡಲಿಲ್ಲ. ಅವನ ಕೈಯ ಕಬ್ಬಿಣದ ಮೊದಲ ಏಟು ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಅಷ್ಟು ಗಲಾಟೆಯಲ್ಲೂ ಅಕ್ಕನಿಗೆ ಕೇಳಿಸಿತು. ಎರಡನೆಯದು ಕಿವಿಯ ಮೇಲೆ. ಮುದುಕ ಗೋಡೆಗೊರಗಿ ಜಾರಿ ಕುಳಿತ. ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾದವನಂತೆ ಬಾಯಿ ತೆರೆದಿದ್ದ. ಸ್ಪ್ಯಾನರ್ ಅಳುತ್ತಿದ್ದ. ಅಳುತ್ತಲೇ, "ನಮ್ಮ ಕೂಸು, ನಮ್ಮ ಕೂಸು" ಎನ್ನುತ್ತಲೇ ಮತ್ತೆ ಹೊಡೆದ.

ಅಕ್ಕನ ಪಕ್ಕದ ಮೇಜಿನ ಮೇಲೆ ಆ ಉಕ್ಕಿನ ಪಾತ್ರೆ ಇನ್ನೂ ನಿಂತಿತ್ತು. ಅದರೊಳಗಿನ ದ್ರವ ಮೈಗೆ ತಾಕಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬರಿಗೈ ಮೇಲೆ ಒಂದೆರಡು ಹನಿ ಚಿಮ್ಮಿದರೆ ಉರುಳಿಹೋಗುತ್ತದೆ. ಬಟ್ಟೆಯಲ್ಲಿ ಹೀರಿಕೊಂಡು ಮೈಗೆ ಅಂಟಿದರೆ ಮಾಂಸ ಮರದಂತಾಗುತ್ತದೆ. ಅವಳು ಎರಡೂ ಕೈಯಲ್ಲಿ ಪಾತ್ರೆ ಎತ್ತಿ ಸ್ಪ್ಯಾನರನ ಮುಖಕ್ಕೆ ಗುರಿಯಿಟ್ಟು ಎರಚಿದಳು.

ಬಿಳಿ ಹೊಗೆ ಭುಸ್ಸೆಂದು ಎದ್ದು ಏನೂ ಕಾಣದಾಯಿತು. ಕೇಳಿದ್ದು ಒಂದು ಚೀರಾಟ. ಹೊಗೆ ನೆಲಕ್ಕಿಳಿದಾಗ ಸ್ಪ್ಯಾನರ್ ಕುತ್ತಿಗೆ ಹಿಡಿದುಕೊಂಡು ಹಿಂದೆ ಸರಿದಿದ್ದ. ಅವನಿಗೆ ತಗುಲಿದ್ದು ಚೂರುಪಾರು. ಅವನ ಕೈಯಿಂದ ಕಬ್ಬಿಣ ಕಿತ್ತುಕೊಳ್ಳಲು ಹಿಂದಿನಿಂದ ತಬ್ಬಿ ಹಿಡಿದಿದ್ದ ಇನ್ನೊಬ್ಬ ಮೊಣಕಾಲೂರಿ ಕುಸಿದಿದ್ದ. ಅವನ ಬಲಗೈಯ ದಪ್ಪ ಕೈಗವಸು ಬೆಳ್ಳಗೆ ಕಲ್ಲಿನಂತೆ ಬಿಗಿದುಕೊಂಡಿತ್ತು. ಅದನ್ನು ಕಳಚಲು ಅವನು ಹಲ್ಲಿನಿಂದ ಎಳೆಯುತ್ತಿದ್ದ.

"ಅಕ್ಕಾ," ಎಂದ ಕೆಂಚ. "ಬಿಡಿಸೇ ಇದನ್ನ. ಬಿಡಿಸೇ."

ಅವಳು ಅವನ ಬಳಿಗೆ ಹೋದದ್ದು, ಗವಸನ್ನು ಕತ್ತರಿಯಿಂದ ಸೀಳಿದ್ದು, ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ್ದು, ಇದಾವುದೂ ಆಮೇಲೆ ಅವಳ ನೆನಪಿನಲ್ಲಿ ಸರಿಯಾಗಿ ಉಳಿಯಲಿಲ್ಲ. ಗುಂಪು ಯಾವಾಗ ಕರಗಿತು, ಪೊಲೀಸರು ಯಾವಾಗ ಬಂದರು, ಗೊತ್ತಿಲ್ಲ. ನೆನಪಿದ್ದದ್ದು ಇಷ್ಟೇ. ತಮ್ಮನ ಬೆರಳುಗಳು ಮೇಣದಂತಿದ್ದವು. ಪಕ್ಕದಲ್ಲಿ ಇಲಿಯಪ್ಪನ ಉಸಿರು ಗೊರಗೊರ ಎನ್ನುತ್ತ ನಿಂತುಹೋಯಿತು. ಅವಳ ಕೈ ಇದ್ದದ್ದು ಎರಡೇ. ಅವು ತಮ್ಮನ ಕೈ ಹಿಡಿದಿದ್ದವು.

ಕೆಂಚನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದರು. ಹೆಬ್ಬೆರಳು ಮಾತ್ರ ಉಳಿಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಮ್ಮ ಅಕ್ಕನ ಎದುರಿಗೆ ಬಂದು ನಿಂತಳು. ಮಗಳ ಹಣೆಗೆ ಹಾಕಿದ್ದ ಹೊಲಿಗೆಗಳನ್ನು ನೋಡಿಯೂ ನೋಡದವಳಂತೆ, "ಇಡೀ ಮನೆ ಆ ಕೈಯಿಂದ ಉಣ್ತಿತ್ತು. ಅದನ್ನೇ ತಿಂದ್ಬಿಟ್ಟೆಯಲ್ಲೇ. ಇನ್ನು ನಮ್ಮ ಬಾಗಿಲಿಗೆ ಬರಬೇಡ," ಎಂದಳು.

ಅಕ್ಕ ಅಲ್ಲಿಂದ ನೇರ ಇಲಿಯಪ್ಪನ ಮನೆಗೆ ಹೋದಳು. ಅವನ ಹೆಂಡತಿ ಅಳುವುದನ್ನು ನಿಲ್ಲಿಸಿ, "ಅವುಗಳಿಗೆ ನೀರು ಹಾಕಿದ್ರಾ?" ಎಂದು ಕೇಳಿದಳು. ಯಾವುಗಳಿಗೆ ಎಂದು ಅರ್ಥವಾಗಲು ಅಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹಾಕಿರಲಿಲ್ಲ. ಪೊಲೀಸರ ಕೈಕಾಲು ಹಿಡಿದು ಬೀಗ ತೆಗೆಸಿ, ರಕ್ತದ ಕಲೆ ದಾಟಿಕೊಂಡು ಹೋಗಿ ಇಲಿಗಳಿಗೆ ನೀರಿಟ್ಟು ಬಂದಳು.

ಕೆಂಚನ ವಾರ್ಡಿಗೆ ಅವಳು ಹೋದದ್ದು ಅಮ್ಮ ಇಲ್ಲದ ಹೊತ್ತು ನೋಡಿಕೊಂಡು. ಬಾಗಿಲಲ್ಲಿ ಪೊಲೀಸಿನವನು ಕುಳಿತಿದ್ದ. ಕೆಂಚ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಸೂರು ನೋಡುತ್ತಿದ್ದ.

"ಬರೀ ಸಾಮಾನು ಒಡೀತೀವಿ ಅಂದಿದ್ದ ಸ್ಪ್ಯಾನರ್," ಎಂದ. "ಮನುಷ್ಯರ ಮೇಲೆ ಕೈ ಹಾಕಲ್ಲ ಅಂತ ಮಾತು ಕೊಟ್ಟಿದ್ದ. ಆ ಮುದುಕ ನಮ್ಮ ಅಂಗಡೀಲೇ ರಸ್ಕ್ ಒಯ್ತಿದ್ದ, ಇಲಿಗಳಿಗೆ ಅಂತ ಹೇಳಿ ಬಸ್ಸಲ್ಲಿ ತಾನೇ ತಿನ್ತಿದ್ದ."

"ಹೌದು, ಪೊಟ್ಟಣ ಖಾಲಿ ಮಾಡ್ಕೊಂಡೇ ಬರ್ತಿದ್ದ."

ಕೆಂಚ ಸುತ್ತಿದ ಕೈಯನ್ನು ದಿಂಬಿನ ಮೇಲೆ ಸರಿಸಿಟ್ಟ. ಆಮೇಲೆ ಅವನು, "ಪುಟ್ಟಿಗೆ ಏನಾಗಿತ್ತೇ? ಸರಿಯಾಗಿ ಹೇಳು," ಎಂದ.

ಅವಳು ಹೇಳಿದಳು. ರಕ್ತಕಣಗಳಿಗೆ ಗಾಯದ ಕೂಗು ಕೇಳಿದರೂ ನಾಳದ ಗೋಡೆ ಹಿಡಿದು ಹೊರಬರಲು ಬೇಕಾದ ಹಿಡಿತ ಅವಕ್ಕಿರಲಿಲ್ಲ ಎಂದಳು. ರಕ್ತ ತೆಗೆದದ್ದು ಅದನ್ನು ತಿಳಿಯಲೆಂದೇ, ಒಂದು ಹನಿಯೂ ಬೇರೆ ಯಾವುದಕ್ಕೂ ಹೋಗಲಿಲ್ಲ ಎಂದಳು. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನು ಬೆಳೆಸುವುದನ್ನು ಹೇಳುವಾಗ ಕೆಂಚ ತಡೆದು, "ಹಿಟ್ಟಿಗೆ ಈಸ್ಟ್ ಹಾಕಿ ಬೆಳೆಸಿದ ಹಾಗಾ?" ಎಂದ.

"ಹತ್ತತ್ರ ಹಂಗೇ. ಅದ್ರ ಹೊಟ್ಟೆಯೊಳಗೆ ನಮಗೆ ಬೇಕಾದ್ದನ್ನ ಮಾಡಿಸ್ತೀವಿ, ಅಷ್ಟೇ."

"ಇಷ್ಟೇನಾ?" ಎಂದು ಅವನು ಗೋಡೆಯ ಕಡೆ ತಿರುಗಿದ. "ಇಷ್ಟೇ ಆಗಿದ್ರೆ ಅವತ್ತೇ ಹೇಳಕ್ಕೇನಾಗಿತ್ತೇ ನಿಂಗೆ?"

ಅವಳು ಎದ್ದು ಅವನ ಹೊದಿಕೆಯನ್ನು ಭುಜದವರೆಗೆ ಎಳೆದಳು.

ಜಾಮೀನಿನ ಮೇಲೆ ಹೊರಗೆ ಬಂದ ಕೆಂಚ, ಸ್ಪ್ಯಾನರನ ವಿರುದ್ಧ ತಾನೇ ಸಾಕ್ಷಿ ಹೇಳುತ್ತೇನೆಂದ. ಸ್ಪ್ಯಾನರನ ತಮ್ಮಂದಿರಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಸಂಜೆ, ಬಿಸಿ ಬ್ರೆಡ್ಡಿಗೆ ಜನ ಮುತ್ತಿಕೊಂಡಿರುವ ಹೊತ್ತಿಗೆ, ಇಬ್ಬರು ಬೇಕರಿಗೆ ನುಗ್ಗಿದರು. ಗಿರಾಕಿಗಳನ್ನು ಆಚೆ ತಳ್ಳಿದರು. ಗಾಜಿನ ಕಪಾಟನ್ನು ಒದ್ದರು. ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಹಲಗೆಯನ್ನು ಕಿತ್ತುಕೊಂಡು ಕೆಂಚನ ಬೆನ್ನಿಗೆ, ತಲೆಗೆ, ಸುತ್ತಿದ ಕೈಗೆ ಬಾರಿಸಿದರು. ಅವನು ಒಂದೇ ಕೈಯಲ್ಲಿ ತಲೆ ಕಾಪಾಡಿಕೊಳ್ಳುತ್ತ ಒಲೆಯ ಬಾಯಿಯ ಹತ್ತಿರ ಬಿದ್ದ.

ಅಕ್ಕ ಆಗಲೇ ಬೀದಿಯ ಆಚೆ ನಿಂತಿದ್ದಳು. ಅಮ್ಮನ ಮಾತು ಮೀರಿ ಒಳಗೆ ಬರಲಾರದೆ, ಸಂಜೆಯಾದರೆ ಅಲ್ಲಿ ನಿಂತು ತಮ್ಮನನ್ನು ದೂರದಿಂದ ನೋಡಿ ಹೋಗುವುದು ಅವಳಿಗೆ ರೂಢಿಯಾಗಿತ್ತು. ಓಡಿ ಬಂದವಳೇ ಸಿಕ್ಕಿದ ತೂಕದ ಕಲ್ಲನ್ನು ಎತ್ತಿ ಒಬ್ಬನ ಮೊಣಕಾಲಿಗೆ ಬೀಸಿದಳು. ಅವನು ಬಾಯಿ ಬಡಿದುಕೊಂಡು ಕುಳಿತ. ಇನ್ನೊಬ್ಬ ಅವಳ ಕತ್ತು ಹಿಡಿದು ಗೋಡೆಗೆ ಒತ್ತಿದ. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಅಷ್ಟರಲ್ಲಿ ಅವನ ಹಿಂದೆ ಅಮ್ಮ ಬಂದಳು. ಅವಳ ಕೈಯಲ್ಲಿ ಒಲೆಯಿಂದ ಆಗಷ್ಟೇ ತೆಗೆದ ಕಬ್ಬಿಣದ ಟ್ರೇ. ಅದನ್ನು ಅವನ ಬೆನ್ನಿಗೆ ಅಂಗಿಯ ಸಮೇತ ಒತ್ತಿದಳು. ಬಟ್ಟೆ ಸುಟ್ಟ ವಾಸನೆ ಬಂತು.

"ನನ್ನ ಮಗನಿಗೆ ಹೊಡೆಯೋ ಹಕ್ಕು ನನ್ನ ಮಗಳಿಗಿದೆ, ನನಗಿದೆ," ಎಂದು ಅವಳು ಬೀದಿಗೆಲ್ಲ ಕೇಳುವಂತೆ ಅರಚಿದಳು. "ಕಂಡಕಂಡ ನಾಯಿಗಳಿಗಿಲ್ಲ! ಹೋಗ್ರೋ ಆಚೆ!"

ಅವರು ಕುಂಟುತ್ತ ಹೋದರು. ಬಾಗಿಲು ಹಾಕಿದ ಮೇಲೆ ಅಮ್ಮ ಟ್ರೇಯನ್ನು ಕೆಳಗಿಟ್ಟು, ಸುಟ್ಟುಕೊಂಡ ತನ್ನ ಅಂಗೈಗಳನ್ನು ನೋಡಿಕೊಂಡು, "ನೋಡ್ತಾ ನಿಂತಿದ್ದೀಯಲ್ಲ, ತಣ್ಣೀರು ತಾರೇ," ಎಂದು ಮಗಳನ್ನು ಗದರಿದಳು. ಅಕ್ಕ ನೀರು ತಂದಳು. ಅಂದಿನಿಂದ ಅವಳು ಆ ಮನೆಗೆ ಹೋಗಿ ಬರುವುದನ್ನು ಯಾರೂ ಬೇಡವೆನ್ನಲಿಲ್ಲ.

ನ್ಯಾಯಾಲಯದಲ್ಲಿ ಕೆಂಚ ಎಲ್ಲವನ್ನೂ ಹೇಳಿದ. ಗಾಜು ಒಡೆದದ್ದು ತಾನೇ, ಮಾತು ಹುಟ್ಟಿಸಿದ್ದೂ ತಾನೇ, ಮುದುಕನಿಗೆ ಹೊಡೆದದ್ದು ಇವನು ಎಂದು ಗೆಳೆಯನ ಮುಖಕ್ಕೆ ನೇರವಾಗಿ ತೋರಿಸಿದ. ತೋರಿಸಲು ಎತ್ತಿದ್ದು ಬಲಗೈಯನ್ನೇ, ಬರೀ ಹೆಬ್ಬೆರಳಿದ್ದ ಕೈಯನ್ನು. ಸ್ಪ್ಯಾನರ್ ತಲೆ ಎತ್ತಲಿಲ್ಲ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕೆಂಚನಿಗೆ ದೊಂಬಿಗೆ ಸೇರಿದ್ದಕ್ಕೆ, ಆಸ್ತಿ ಹಾಳುಮಾಡಿದ್ದಕ್ಕೆ ಸೆರೆ. ಅಕ್ಕ ಎರಚಿದ್ದು ಜೀವ ಉಳಿಸಲೆಂದು ನ್ಯಾಯಾಧೀಶರು ಒಪ್ಪಿದರು. ಯಾವ ಜೀವವೂ ಉಳಿಯಲಿಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಪ್ರಯೋಗಾಲಯ ಮತ್ತೆ ತೆರೆಯಿತು. ಕೊನೆಯ ಚೂರು ಗಾಜು ಗುಡಿಸಿದ ಮೇಲೆ ಅವಳು ಮೊದಲಿನಿಂದ ಶುರುಮಾಡಿದಳು. ಬೇರೆ ಊರಿನಲ್ಲಿ ಅದೇ ಕಾಯಿಲೆಯ ಲಕ್ಷಣವಿದ್ದ ಇನ್ನೊಂದು ಮಗುವಿತ್ತು, ಪರೀಕ್ಷೆಗೆ ಪ್ರೋಟೀನು ಬೇಕಿತ್ತು. ಈ ಸಲ ಆ ಮಗುವಿನ ತಂದೆತಾಯಿಯನ್ನು ಕೂರಿಸಿಕೊಂಡು, ಅವರು ಸಾಕೆನ್ನುವವರೆಗೂ ವಿವರಿಸಿದಳು.

ಜೈಲಿಗೆ ಅವಳು ತಪ್ಪದೆ ಹೋಗುತ್ತಿದ್ದಳು. ಒಂದು ಸಲ ಜಾಲರಿಯ ಆಚೆಯಿಂದ ಕೆಂಚ, ಬೇಕರಿಯ ಮಾತು, ಹೆಂಡತಿಯ ಮಾತು, ಅಮ್ಮನ ಮಂಡಿನೋವಿನ ಮಾತು ಎಲ್ಲ ಮುಗಿದ ಮೇಲೆ, ದನಿ ತಗ್ಗಿಸಿ ಕೇಳಿದ.

"ಒಂದ್ ಮಾತು ಕೇಳ್ತೀನಿ. ಅವತ್ತು ಎರಚೋವಾಗ, ಅವನ ಬೆನ್ನ ಹಿಂದೆ ನಾನಿದೀನಿ ಅಂತ ಗೊತ್ತಿತ್ತಾ ನಿಂಗೆ?"

"ಇಲ್ಲ."

"ಗೊತ್ತಿದ್ದಿದ್ರೆ?"

ಸುಳ್ಳು ಹೇಳಿದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಅವಳು ಜಾಲರಿಯೊಳಗೆ ಬೆರಳು ತೂರಿಸಿ ಹಿಡಿದುಕೊಂಡಳು.

"ನೀನೂ ಹೊಡೀತಿದ್ದೀಯ ಅಂತ್ಲೇ ಅಂದ್ಕೊಳ್ತಿದ್ದೆ ಕಣೋ. ಎರಚೇ ಎರಚ್ತಿದ್ದೆ."

ಕೆಂಚ ಬಲಗೈಯ ಹೆಬ್ಬೆರಳಿನಿಂದ ಜಾಲರಿಯ ತಂತಿಯನ್ನು ಉಜ್ಜಿದ. ಅವನ ಹಿಂದೆ ಪೊಲೀಸಿನವನು ಹೊತ್ತಾಯಿತೆಂದು ಬಾಗಿಲು ಬಡಿದ. ಎದ್ದು ನಿಂತು, ಹೊರಡುವ ಮೊದಲು ಅವನು, "ಅಮ್ಮನಿಗೆ ಇದನ್ನ ಹೇಳ್ಬೇಡ," ಎಂದ. "ಮುಂದಿನ ಸಲ ಬರೋವಾಗ ದಪ್ಪ ಕಾಲುಚೀಲ ತಗೊಂಡ್ಬಾ. ಇಲ್ಲಿ ನೆಲ ಸಿಕ್ಕಾಪಟ್ಟೆ ತಣ್ಣಗಿದೆ."

"ತರ್ತೀನಿ," ಎಂದಳು ಅವಳು.